ಸಣ್ಣ ಕಾರಿನ ಎಂಜಿನ್: ಆಯ್ಕೆ ಯಾರದು, ಲೆಕ್ಕ ಯಾರದು?

ದೇಶದ ಸಣ್ಣ ಕಾರುಗಳ ತವರುಗಳಲ್ಲಿ ಅಹಮದಾಬಾದಿನ ಆಸುಪಾಸಿಗೆ ಈಗ ಪ್ರಮುಖ ಸ್ಥಾನವಿದೆ. 2008ರಲ್ಲಿ ಸಿಂಗೂರನ್ನು ತೊರೆದ ಟಾಟಾ ನ್ಯಾನೋ ಸಾನಂದಕ್ಕೆ ಬಂದಿತು. 2010ರಲ್ಲಿ ಅಲ್ಲಿನ ಕಾರ್ಖಾನೆಯ ಉದ್ಘಾಟನೆಯಾಯಿತು. ನ್ಯಾನೋ ಕಣ್ಮರೆಯಾದ ಮೇಲೂ ಟಿಯಾಗೊ ಸಾನಂದದ ಹೆಸರನ್ನು ಉಳಿಸಿತು. ಇತ್ತ ಹಂಸಲಪುರದ ಸುಜುಕಿ ಕಾರ್ಖಾನೆ 2017ರಲ್ಲಿ ಬಲೆನೊ ಕಾರಿನಿಂದ ಉತ್ಪಾದನೆ ಆರಂಭಿಸಿ, 2018ರಲ್ಲಿ ಸ್ವಿಫ್ಟನ್ನೂ ಸೇರಿಸಿಕೊಂಡಿತು. ಆದರೆ ಕಾರು ಮನೆಬಾಗಿಲಲ್ಲೇ ತಯಾರಾದ ಮಾತ್ರಕ್ಕೆ ಅಹಮದಾಬಾದ್, ವಡೋದರಾ, ಸೂರತ್‌ಗಳ ಗ್ರಾಹಕನಿಗೆ ತನಗೆ ಬೇಕಾದ ಎಂಜಿನ್ನನ್ನು ಬೇಕಾದ ವೇರಿಯಂಟಿನಲ್ಲಿ ಪಡೆಯುವ ಸ್ವಾತಂತ್ರ್ಯ ದೊರೆತಿದೆಯೇ? ಇಲ್ಲವೆಂದೇ ಹೇಳಬೇಕಾಗಿದೆ.

ಮೊದಲನೆಯ ಗೆರೆಯನ್ನು ಎಳೆದದ್ದು ತೆರಿಗೆ ಕಾನೂನು. 2006ರ ಕೇಂದ್ರ ಮುಂಗಡಪತ್ರದಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಹಾಗೂ ಡೀಸೆಲ್ ಎಂಜಿನ್ 1500 ಸಿಸಿ ದಾಟಬಾರದು ಎಂಬುದು ನಿಬಂಧನೆ. ಜಿಎಸ್‌ಟಿ ಬಂದಾಗಲೂ ಈ ಅಳತೆಗಳು ಉಳಿದವು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳ ತೆರಿಗೆ ಶೇ. 18ಕ್ಕೆ ಇಳಿದಾಗಲೂ ಮಾನದಂಡ ಅದೇ ಆಗಿತ್ತು. ಸ್ವಿಫ್ಟಿನ ಎಂಜಿನ್ 1197 ಸಿಸಿಯಲ್ಲಿ ನಿಂತಿರುವುದು ಕಾಕತಾಳೀಯವಲ್ಲ.

ಎರಡನೆಯ ಗೆರೆ ಮಾಲಿನ್ಯ ನಿಯಮದ್ದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದಾಗ ಚಿಕ್ಕ ಡೀಸೆಲ್ ಎಂಜಿನ್ನನ್ನು ಶುದ್ಧೀಕರಿಸುವ ವೆಚ್ಚ ಕಾರಿನ ಬೆಲೆಗೆ ಭಾರವಾಯಿತು. ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಟಿಯಾಗೊದ ಡೀಸೆಲ್ ಕೂಡ ನಿಂತಿತು. ತೆರವಾದ ಜಾಗಕ್ಕೆ ಬಂದದ್ದು ಸಿಎನ್‌ಜಿ. ಗುಜರಾತಿಗೆ ಈ ಅನಿಲ ಹೊಸದಲ್ಲ. ವಡೋದರಾದ ಮಹಾನಗರ ಪಾಲಿಕೆ 1970ರ ದಶಕದಲ್ಲೇ ಮನೆಗಳಿಗೆ ಕೊಳವೆ ಅನಿಲ ಪೂರೈಸಿತ್ತು. ಮೂರೂ ನಗರಗಳ ಆಟೋರಿಕ್ಷಾಗಳು ಸಿಎನ್‌ಜಿಗೆ ಒಗ್ಗಿ ವರ್ಷಗಳೇ ಸಂದಿವೆ.

ಮೂರನೆಯ ಗೆರೆ ಕಂಪೆನಿಯದು. ಗ್ರಾಹಕನ ಜೇಬಿಗೆ ನೇರವಾಗಿ ತಟ್ಟುವುದೂ ಇದೇ. 2024ರ ಮೇ ತಿಂಗಳಲ್ಲಿ ಬಂದ ಹೊಸ ಸ್ವಿಫ್ಟಿನಲ್ಲಿ ಎಲ್‌ಎಕ್ಸ್‌ಐನಿಂದ ಝಡ್‌ಎಕ್ಸ್‌ಐ ಪ್ಲಸ್ ತನಕ ಐದು ವೇರಿಯಂಟುಗಳಿದ್ದವು. ಅದೇ ಸೆಪ್ಟೆಂಬರಿನಲ್ಲಿ ಬಂದ ಸಿಎನ್‌ಜಿ ದೊರೆತದ್ದು ನಡುವಿನ ಮೂರರಲ್ಲಿ ಮಾತ್ರ. ಅತಿ ಅಗ್ಗದ ಎಲ್‌ಎಕ್ಸ್‌ಐಗೂ ಅತಿ ದುಬಾರಿಯ ಝಡ್‌ಎಕ್ಸ್‌ಐ ಪ್ಲಸ್‌ಗೂ ಅದಿರಲಿಲ್ಲ. ಎಎಂಟಿ ಗೇರಿನೊಂದಿಗೂ ಇರಲಿಲ್ಲ. ಇದು ತಾಂತ್ರಿಕ ಅನಿವಾರ್ಯತೆ ಎನ್ನಲಾಗದು. ಟಾಟಾ 2022ರ ಜನವರಿಯಲ್ಲಿ ಟಿಯಾಗೊ ಸಿಎನ್‌ಜಿಯನ್ನು ತಳಮಟ್ಟದ ಎಕ್ಸ್‌ಇಯಲ್ಲೂ ನೀಡಿತ್ತು; 2024ರ ಫೆಬ್ರವರಿಯಲ್ಲಿ ಸಿಎನ್‌ಜಿಗೆ ಎಎಂಟಿಯನ್ನೂ ಜೋಡಿಸಿತು.

ಸಾಲದ ಅರ್ಜಿಗಳೊಡನೆ ಬರುವ ಕೊಟೇಶನ್‌ಗಳನ್ನು ನೋಡುವ ನಮ್ಮಂಥವರಿಗೆ ಇಲ್ಲಿ ಒಂದು ಲೆಕ್ಕ ಕಾಣುತ್ತದೆ. ಬಿಡುಗಡೆಯ ಸಮಯದಲ್ಲಿ ಸ್ವಿಫ್ಟ್ ವಿಎಕ್ಸ್‌ಐ ಪೆಟ್ರೋಲಿನ ಷೋರೂಂ ಬೆಲೆ 7,29,500 ರೂ., ಸಿಎನ್‌ಜಿಯದು 8,19,500 ರೂ. ವ್ಯತ್ಯಾಸ 90,000. ಆದರೆ 6,49,000 ರೂ.ಗಳ ಎಲ್‌ಎಕ್ಸ್‌ಐ ಸಾಕೆನ್ನುವವನಿಗೆ ಸಿಎನ್‌ಜಿಯ ನಿಜವಾದ ಬೆಲೆ 90,000 ಅಲ್ಲ, 1,70,500. ತನಗೆ ಬೇಡದ ಅಲಂಕಾರಗಳಿಗೂ ಅವನು ಹಣ ತೆರಬೇಕು.

ಈ ಹಣ ಮರಳಿ ಬರುವುದು ಯಾವಾಗ? ಲೆಕ್ಕಕ್ಕಾಗಿ ಪೆಟ್ರೋಲ್ ಲೀಟರಿಗೆ 95 ರೂ., ಸಿಎನ್‌ಜಿ ಕಿಲೋಗೆ 80 ರೂ. ಎಂದು ಹಿಡಿಯೋಣ. ಕಂಪೆನಿ ಹೇಳುವ ಮೈಲೇಜು ಲೀಟರಿಗೆ 24.8, ಕಿಲೋಗೆ 32.85 ಕಿ.ಮೀ. ನಗರದ ದಟ್ಟಣೆಯಲ್ಲಿ ಅದು 16 ಮತ್ತು 22ಕ್ಕೆ ಇಳಿಯಿತೆಂದರೆ ಕಿ.ಮೀ.ಗೆ ಉಳಿತಾಯ ಸುಮಾರು 2.30 ರೂ. ಹೆಚ್ಚುವರಿ 90,000 ರೂ.ಗಳನ್ನು ಶೇ. 9ರ ಬಡ್ಡಿಯಲ್ಲಿ ಐದು ವರ್ಷದ ಸಾಲವಾಗಿ ಪಡೆದರೆ ತೀರಿಸಬೇಕಾದ್ದು ಸುಮಾರು 1,12,000 ರೂ. ಅದು ಮರಳಲು 48,700 ಕಿ.ಮೀ. ಓಡಬೇಕು. ತಿಂಗಳಿಗೆ 1500 ಕಿ.ಮೀ. ಓಡಿಸುವವರಿಗೆ ಮೂರು ವರ್ಷದೊಳಗೆ ಲಾಭ ಶುರು. 500 ಕಿ.ಮೀ. ಮಾತ್ರ ಓಡಿಸುವವರಿಗೆ ಎಂಟು ವರ್ಷ! ಎಲ್‌ಎಕ್ಸ್‌ಐ ಸಾಕೆಂದಿದ್ದವನಿಗಂತೂ 92,000 ಕಿ.ಮೀ. ದಾಟಬೇಕು.

ನಮ್ಮವರಲ್ಲಿ ವರ್ಗಾವಣೆಯ ನೌಕರಿಯವರು ಬಹಳ. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ಮೇಲೆ ವಡೋದರಾದ ನಂಟು ಇನ್ನಷ್ಟು ಹತ್ತಿರವಾಗಿದೆ. ಮೂರು ನಾಲ್ಕು ವರ್ಷದಲ್ಲಿ ಊರು ಬದಲಿಸುವವರು ಎಂಟು ವರ್ಷದ ಲಾಭವನ್ನು ನೆಚ್ಚುವುದು ಹೇಗೆ? ರಜೆಯಲ್ಲಿ ಸಂಸಾರ ಸಮೇತ ಬೆಳಗಾವಿ, ಹುಬ್ಬಳ್ಳಿಯ ಕಡೆಗೆ ಹೊರಟರೆ ಡಿಕ್ಕಿಯ ಬಹುಭಾಗವನ್ನು ಅನಿಲದ ಸಿಲಿಂಡರ್ ಆಕ್ರಮಿಸಿರುತ್ತದೆ. ಈ ಕೊರತೆಯನ್ನು ನೀಗಲೆಂದೇ ಟಾಟಾ 2023ರಲ್ಲಿ ಟಿಯಾಗೊಗೆ ಎರಡು ಸಣ್ಣ ಸಿಲಿಂಡರುಗಳ ವ್ಯವಸ್ಥೆ ತಂದಿತು.

ಇದಕ್ಕಿಂತ ಚಿಂತೆಯ ಸಂಗತಿಯೊಂದಿದೆ. ಅಗ್ಗದ ವೇರಿಯಂಟಿನಲ್ಲಿ ಸಿಎನ್‌ಜಿ ಇಲ್ಲದಾಗ ಕೆಲವರು ಹೊರಗಿನ ಕಿಟ್ ಹಾಕಿಸಲು ಮುಂದಾಗುತ್ತಾರೆ. ಮಾನ್ಯತೆ ಪಡೆದ ಕಿಟ್ ಅಲ್ಲದಿದ್ದರೆ, ಆರ್‌ಸಿ ಪುಸ್ತಕದಲ್ಲಿ ನಮೂದಾಗದಿದ್ದರೆ, ವಿಮೆ ಕಂಪೆನಿಗೆ ತಿಳಿಸದಿದ್ದರೆ ಅಪಘಾತದ ದಿನ ಪರಿಹಾರ ಕೈತಪ್ಪಬಹುದು. ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಮಾಡಿಸುವುದೂ ಕಡ್ಡಾಯ. ಕಂಪೆನಿಯೇ ಅಳವಡಿಸಿದ ಸಿಲಿಂಡರಿಗೂ ಇದರಿಂದ ವಿನಾಯಿತಿಯಿಲ್ಲ.

ಸರಕಾರ ತೆರಿಗೆ ಇಳಿಸಿದ್ದು ಸ್ವಾಗತಾರ್ಹ. ಅದರ ಪೂರ್ಣ ಫಲ ಸಾಮಾನ್ಯನಿಗೆ ದಕ್ಕಬೇಕಾದರೆ ಕಡಿಮೆ ಖರ್ಚಿನ ಇಂಧನ ಕಡಿಮೆ ಬೆಲೆಯ ವೇರಿಯಂಟಿನಲ್ಲಿಯೇ ಸಿಗಬೇಕು. ಅಲ್ಲಿಯವರೆಗೆ ಓದುಗರು ಷೋರೂಮಿಗೆ ಹೋಗುವ ಮುನ್ನ ಕಳೆದ ಆರು ತಿಂಗಳಲ್ಲಿ ತಮ್ಮ ವಾಹನ ಎಷ್ಟು ಓಡಿತೆಂಬುದನ್ನು ಬರೆದುಕೊಂಡು ಹೋಗುವುದು ಒಳಿತು. ಮಾರಾಟಗಾರನ ಬಳಿ ಎಲ್ಲ ಅಂಕಿಗಳೂ ಇರುತ್ತವೆ, ಅದೊಂದನ್ನು ಬಿಟ್ಟು.