ಗುಣಿಸಿದರೆ ಹತ್ತು ಲಕ್ಷ: ದೇಹದ ಲೆಕ್ಕ ಮತ್ತು ಮಂಗನ ಕಾಯಿಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿರಸಿ, ಸಿದ್ದಾಪುರದ ಸೀಮೆಗೂ ಭಯದ ಹೆಸರಾಗಿದೆ. ಹುಲಗೋಳದಂಥ ಅಡಿಕೆಯ ಊರುಗಳಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗದೆ ತೋಟ ಉಳಿಯದು. ರೋಗ ಹರಡುವ ಉಣ್ಣೆಯ ನೆಲೆಯೂ ಅಂಥ ಕಾಡೇ.

ಎಂದೂ ಕಾಣದ ವೈರಸ್ಸನ್ನು ದೇಹ ಗುರುತಿಸುವುದೆಂತು? ಪ್ರತಿಕಾಯವೆಂಬ ಪ್ರೋಟೀನಿನಲ್ಲಿ ಎರಡು ಭಾರ ಸರಪಳಿಗಳೂ ಎರಡು ಲಘು ಸರಪಳಿಗಳೂ ಉಂಟು. ಲಘು ಸರಪಳಿಯ ಜೀನು ತುಂಡುತುಂಡಾಗಿರುತ್ತದೆ. ಮನುಷ್ಯನ 2ನೆಯ ವರ್ಣತಂತುವಿನ 'ಕಪ್ಪಾ' ಜೀನಿನಲ್ಲಿ ಒಂದು ಬಗೆಯ ಸುಮಾರು 40 ತುಂಡುಗಳಿವೆ, ಇನ್ನೊಂದು ಬಗೆಯವು 5. ಬಿಳಿಯ ರಕ್ತಕಣಗಳ ಪೈಕಿ 'ಬಿ' ಕಣ ಬೆಳೆಯುವಾಗ ಒಂದೊಂದನ್ನು ಆರಿಸಿ ಜೋಡಿಸುತ್ತದೆ. 45 ತುಂಡುಗಳಿಂದ 200 ಜೋಡಿಗಳು! ಭಾರ ಸರಪಳಿಯ ಜೋಡಣೆಗಳೊಡನೆ ಗುಣಿಸಿದರೆ ಸಂಖ್ಯೆ ಹತ್ತು ಲಕ್ಷದತ್ತ ಸಾಗುತ್ತದೆ. ಕಪ್ಪಾ ಜೋಡಣೆ ಕೆಟ್ಟರೆ 22ನೆಯ ವರ್ಣತಂತುವಿನ 'ಲಾಂಬ್ಡಾ' ಜೀನಿನ ಸರದಿ. ಒಂದು ಫಲಿಸಿದೊಡನೆ ಉಳಿದವು ಸುಮ್ಮನಾಗುತ್ತವೆ. ಹೀಗೆ ಕಣವೊಂದಕ್ಕೆ ಒಂದೇ ಬಗೆಯ ಪ್ರತಿಕಾಯ. ಈ ಮರುಜೋಡಣೆಯನ್ನು 1976ರಲ್ಲಿ ತೋರಿಸಿಕೊಟ್ಟ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಇಲ್ಲಿ ಕಾಣುವ ಪಾಠವಿದು: ಜೋಡಿಗಳು ಆಕಸ್ಮಿಕವಾಗಿ ಮೊದಲೇ ಸಿದ್ಧವಾಗಿರುತ್ತವೆ; ಆದರೆ ವೈರಸ್ಸು ಹೊಕ್ಕ ಬಳಿಕ ತಕ್ಕ ಕಣ ಆಯ್ಕೆಗೊಂಡು ಸಂಖ್ಯೆಯಲ್ಲಿ ಹೆಚ್ಚಲು ದಿನಗಳು ಬೇಕು. ಆ ದಿನಗಳನ್ನು ಮುಂಗಡವಾಗಿ ಕೊಡುವುದೇ ಲಸಿಕೆ. ಮಂಗನ ಕಾಯಿಲೆಯ ಹಳೆಯ ಲಸಿಕೆಯ ಬಲ ಸಾಲದೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದರ ಸಂಶೋಧನೆ ಯಾರದೋ ದೂರದ ಕೆಲಸವೆಂದು ಮಲೆನಾಡಿನ ವಿದ್ಯಾರ್ಥಿಗಳು ಭಾವಿಸಬಾರದು. ತಕ್ಕ ಕಣ ಮೈಯಲ್ಲಿದ್ದೂ ಅದನ್ನು ವೇಳೆಗೆ ಮೊದಲೇ ಎಚ್ಚರಿಸುವ ವಿದ್ಯೆ ನಮ್ಮಲ್ಲಿಲ್ಲದಿದ್ದರೆ ಫಲವೇನು? ಗಣಿತ, ಭೌತಶಾಸ್ತ್ರಗಳನ್ನು ಓದುವವರೂ ಇತ್ತ ಗಮನ ಹರಿಸಬೇಕು.