ಶಮನವಾಗದ ಉರಿಯೂತ

ಉರಿಯೂತವೆಂಬುದು ದೇಹವು ಆತ್ಮರಕ್ಷಣೆಗಾಗಿ ಹೂಡುವ ಸಮರವಾದರೂ, ಅದು ವರ್ಷಾನುಗಟ್ಟಲೆ ಶಮನವಾಗದೆ ಉಳಿದಾಗ ರಕ್ಷಣೆಯೇ ವಿನಾಶಕ್ಕೆ ಹೇತುವಾಗುವುದೆಂಬುದಕ್ಕೆ ಮೇದೋಜೀರಕ ಗ್ರಂಥಿಯ ಅರ್ಬುದವು ಪ್ರಬಲ ನಿದರ್ಶನವಾಗಿದೆ. ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಶೋ 1863ರಷ್ಟು ಹಿಂದೆಯೇ ಉರಿಯೂತಕ್ಕೂ ಅರ್ಬುದಕ್ಕೂ ಇರುವ ಸಂಬಂಧವನ್ನು ಊಹಿಸಿದ್ದನು. ಮತ್ತೆ ಮತ್ತೆ ಗಾಯಗೊಂಡು ಮತ್ತೆ ಮತ್ತೆ ದುರಸ್ತಿಗೊಳ್ಳುವ ಜೀವಕೋಶಗಳು ತಮ್ಮ ಸಹಜ ರೂಪವನ್ನು ಕಳೆದುಕೊಂಡು, ಬಿಳಿಯ ರಕ್ತಕಣಗಳು ಸ್ರವಿಸುವ ದ್ರವ್ಯಗಳಿಂದ ಅತಿಯಾಗಿ ವಿಭಜಿಸಿ, ಕೆ-ರಾಸ್ ಎಂಬ ವಂಶವಾಹಿಯ ವಿಕೃತಿಯು ಬೇರೂರಲು ಹದವಾದ ನೆಲವಾಗುತ್ತವೆ; ವಯಸ್ಕ ಇಲಿಗಳಲ್ಲಿ ಈ ವಿಕೃತಿಯೊಂದೇ ಅರ್ಬುದವನ್ನು ಹುಟ್ಟಿಸದೆ, ದೀರ್ಘಕಾಲದ ಉರಿಯೂತವು ಜೊತೆಗೂಡಿದಾಗ ಹುಟ್ಟಿಸಿತೆಂಬುದನ್ನು ಸ್ಪೇನಿನ ವಿಜ್ಞಾನಿಗಳು 2007ರಲ್ಲಿ ತೋರಿಸಿಕೊಟ್ಟರು.

ಮೇದೋಜೀರಕ ಗ್ರಂಥಿಯಲ್ಲಿ ಇಂತಹ ದೀರ್ಘಕಾಲದ ಉರಿಯೂತವುಳ್ಳವರಲ್ಲಿ ಬಹುಪಾಲು ಜನರಿಗೆ ಅರ್ಬುದವು ಬಾರದೆಂಬುದು ಸಮಾಧಾನದ ಮಾತೇ ಸರಿ. ಆದರೆ ಬಂದಲ್ಲಿ ಅದು ನಿಶ್ಶಬ್ದವಾಗಿ ಬೆಳೆದು, ಶಸ್ತ್ರಚಿಕಿತ್ಸೆಯ ಕಾಲವು ಮೀರಿದ ಮೇಲೆಯೇ ಸಾಮಾನ್ಯವಾಗಿ ಗೋಚರಿಸುವುದರಿಂದ, ವಿವೇಕವು ಮುಂಚಿತವಾಗಿಯೇ ಜಾಗೃತವಾಗಬೇಕು. ಈ ಉರಿಯೂತವನ್ನು ಕೆರಳಿಸುವ ಮದ್ಯವನ್ನೂ ತಂಬಾಕನ್ನೂ ತ್ಯಜಿಸಲು ರೋಗಿಗೆ ನೆರವಾಗುವುದು ಕೇವಲ ನೀತಿಬೋಧೆಯಲ್ಲ, ಚಿಕಿತ್ಸೆಯ ಅಂಗವೇ ಆಗಿದೆ. ಮದ್ಯವನ್ನು ಮುಟ್ಟದ ತರುಣರನ್ನೂ ಈ ಉರಿಯೂತವು ದಕ್ಷಿಣ ಭಾರತದಲ್ಲಿ ಪೀಡಿಸುವುದುಂಟಾದ್ದರಿಂದ, ರೋಗಿಯನ್ನು ಮದ್ಯಪಾನಿಯೆಂದು ಶಂಕಿಸದೆ, ನೋವು ಇಳಿದೊಡನೆ ಅವನನ್ನು ಮರೆಯದೆ, ವರ್ಷವರ್ಷವೂ ಪರೀಕ್ಷಿಸುವ ವ್ಯವಸ್ಥೆಯನ್ನು ನಮ್ಮ ಜಿಲ್ಲಾ ಆಸ್ಪತ್ರೆಗಳು ಕರ್ತವ್ಯವೆಂದು ಕೈಗೊಳ್ಳತಕ್ಕದ್ದು.