ಗಾಜಿನ ಮನೆಯೂ ನಮ್ಮ ಕಣವೂ

ಕಾಫಿ, ಅಡಿಕೆ ಒಣಗಿಸಲು ಸಂಘದ ವತಿಯಿಂದ ಪ್ಲಾಸ್ಟಿಕ್ ಹೊದಿಕೆಯ ಮನೆಯೊಂದನ್ನು ಕಟ್ಟಬೇಕೆಂದು ಸದಸ್ಯರು ಕೇಳುತ್ತಿದ್ದಾರೆ. 2021ರ ನವೆಂಬರಿನ ಮಳೆ ಕಂಡ ಯಾವ ಬೆಳೆಗಾರನೂ ಇದು ಬೇಡವೆನ್ನಲಾರ. ಆದರೆ ಎಂಥ ಮನೆ ಎಂಬ ವಿಚಾರದಲ್ಲಿ ನಮ್ಮ ಅಭಿಪ್ರಾಯವನ್ನು ಮಹಾಸಭೆಗೆ ಮುಂಚೆಯೇ ಬಾಂಧವರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಸೂರ್ಯನ ಶಾಖವನ್ನು ಗೋಡೆಯೊಳಗೆ ಹಿಡಿದಿಡುವ ವಿದ್ಯೆ ಯೂರೋಪಿನ ದೊರೆಗಳ ತೋಟಗಳಲ್ಲಿ ಬೆಳೆದದ್ದು. ಹಿಮ ಬೀಳುವ ನಾಡಿನಲ್ಲಿ ಕಿತ್ತಳೆ ಬದುಕದು. ಆದ್ದರಿಂದ ಸಿರಿವಂತರು ತಮ್ಮ ಬಂಗಲೆಗಳ ಪಕ್ಕದಲ್ಲಿ ಅದಕ್ಕೆಂದೇ ‘ಆರೆಂಜರಿ’, ಅಂದರೆ ಕಿತ್ತಳೆ ಮನೆ, ಕಟ್ಟಿಸಿದರು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಮಾನ್ಸಾರ್ ಎಂಬ ಶಿಲ್ಪಿ 1684ರಿಂದ 1686ರವರೆಗೆ ಕಟ್ಟಿದ್ದು ಇವುಗಳಲ್ಲಿ ಬಹು ಪ್ರಸಿದ್ಧ. ದಕ್ಷಿಣಕ್ಕೆ ಎತ್ತರದ ಕಿಟಕಿಗಳು, ಉಳಿದ ಕಡೆ ಭಾರಿ ದಪ್ಪದ ಗೋಡೆ, ಮೇಲೆ ಕಲ್ಲಿನ ಕಮಾನು. ಚಳಿಗಾಲದ ಓರೆ ಬಿಸಿಲನ್ನು ಗೋಡೆ ಹಗಲು ಕುಡಿದು ರಾತ್ರಿ ಬಿಡುತ್ತದೆ. ಮರದ ತೊಟ್ಟಿಗಳಲ್ಲಿ ನೆಟ್ಟ ಗಿಡಗಳು ಅಕ್ಟೋಬರಿನಲ್ಲಿ ಒಳಕ್ಕೆ, ಮೇ ತಿಂಗಳಲ್ಲಿ ಹೊರಕ್ಕೆ. ಕೊಡಗಿನವರು ಕಾಫಿಯ ನಡುವೆ ಸುಮ್ಮನೆ ಬೆಳೆದ ಹಣ್ಣಿಗೆ ಅಲ್ಲಿ ಇಷ್ಟೆಲ್ಲ ಉಪಚಾರ!

ನಮ್ಮ ಕಾಫಿಯೂ ಇಂಥ ಮನೆಗಳ ಋಣದಿಂದ ಪೂರ್ತಿ ಹೊರತಲ್ಲ. ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಬಂದ ಗಿಡದ ಸಂತತಿಯೊಂದು 1714ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಗೆ ಕಾಣಿಕೆಯಾಗಿ ಸಂದು, ಪ್ಯಾರಿಸಿನ ಬೆಚ್ಚನೆಯ ಮನೆಯಲ್ಲಿ ಬೆಳೆಯಿತು. ಅದರ ಸಸಿಯೇ 1720ರ ದಶಕದಲ್ಲಿ ಕಡಲು ದಾಟಿ ಮಾರ್ಟಿನೀಕ್ ದ್ವೀಪ ಸೇರಿದ್ದು. ಇಂದು ನಮ್ಮ ಬೆಲೆ ಏರಿಸಿ ಇಳಿಸುವ ಅಮೆರಿಕ ಖಂಡದ ಕಾಫಿಗೆ ಗಾಜಿನ ಮನೆ ಹೀಗೆ ತವರುಮನೆಯಾಯಿತು.

ಇನ್ನು ನಮ್ಮವರು ಕಂಡಿರುವ ಲಾಲ್‌ಬಾಗಿನ ಗಾಜಿನ ಮನೆ. 1889ರ ನವೆಂಬರ್ 30ರಂದು ಅಡಿಗಲ್ಲು ಬಿತ್ತು. ಆಗ ತೋಟದ ಮುಖ್ಯಸ್ಥರಾಗಿದ್ದವರು ಕ್ಯಾಮರಾನ್. ಎರಕದ ಕಬ್ಬಿಣ ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಾರ್ಖಾನೆಯದು, ಮಾದರಿ ಲಂಡನ್ನಿನ 1851ರ ಸ್ಫಟಿಕ ಅರಮನೆ. ಆದರೂ ಅದು ಕಣ್ಣು ಮುಚ್ಚಿ ಮಾಡಿದ ನಕಲಲ್ಲ. ತಲೆಯ ಮೇಲೆ ಗಾಜು, ಕೆಳಗೆ ಸಾಲುಕಂಬಗಳ ನಡುವೆ ಗಾಳಿಗೆ ದಾರಿ. ಫಲಪುಷ್ಪ ಪ್ರದರ್ಶನದ ಜನಸಂದಣಿಯಲ್ಲೂ ಒಳಗೆ ಉಸಿರು ಕಟ್ಟುವುದಿಲ್ಲ. ಕಾರಣ ಸ್ಪಷ್ಟ: ಅಲ್ಲಿಯವರ ಶತ್ರು ಚಳಿ, ನಮ್ಮ ಶತ್ರು ಮಳೆ ಮತ್ತು ಸೆಕೆ. ನರ್ಸರಿಯ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿದ ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. (ಅವರ ಚಪ್ಪರಕ್ಕೆ ಸಹಾಯಧನವಿರಲಿಲ್ಲ!)

ಈಗ ಮಾರಾಟಕ್ಕೆ ಬರುವ ಸಿದ್ಧ ಮನೆಗಳಲ್ಲಿ ಕೆಲವು ನಾಲ್ಕೂ ಕಡೆ ಮುಚ್ಚಿದಂಥವು. ಹಗಲಲ್ಲಿ ಶಾಖ ಏರಿ ಪಾರ್ಚ್‌ಮೆಂಟ್ ಸಿಪ್ಪೆ ಬಿರಿಯುತ್ತದೆ. ರಾತ್ರಿ ಅದೇ ತೇವ ಹನಿಯಾಗಿ ಸರಕಿನ ಮೇಲೆ ಬೀಳುತ್ತದೆ. ಬೇಯಿಸಿದ ಅಡಿಕೆಗೆ ಬೂಷ್ಟು ಹಿಡಿಯಲು ಇನ್ನೇನು ಬೇಕು? ನಮಗೆ ಬೇಕಾದದ್ದು ಮೇಲೆ ಹೊದಿಕೆ, ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಸಂದು, ಮಳೆ ಬಂದಾಗ ಇಳಿಬಿಡುವ ಪಕ್ಕದ ಪರದೆ, ಎರಡು ತುದಿಗೂ ಬಾಗಿಲು, ನೆಲದಿಂದ ಮೂರು ಅಡಿ ಎತ್ತರದ ಜಾಲರಿ ಮಂಚ. ಪಾರ್ಚ್‌ಮೆಂಟ್ ಶೇಕಡ 10ರ ತೇವಕ್ಕೆ ನಿಧಾನವಾಗಿ ಇಳಿಯಬೇಕು, ಅವಸರ ಸಲ್ಲದು.

ಎರಡು ಎಕರೆಯವರು ಒಬ್ಬೊಬ್ಬರೇ ಸಾಲ ಮಾಡಿ ಇಂಥದ್ದನ್ನು ಕಟ್ಟುವುದನ್ನು ನಾವು ಒಪ್ಪುವುದಿಲ್ಲ. ದೊರೆಯ ಬೊಕ್ಕಸ ಬೇರೆ, ನಮ್ಮ ಜೇಬು ಬೇರೆ. ಹೊದಿಕೆ ಹಾಳೆಯನ್ನು ಕೆಲವೇ ವರ್ಷಕ್ಕೊಮ್ಮೆ ಬದಲಿಸಬೇಕೆಂಬುದನ್ನು ಮಾರುವವರು ಗಟ್ಟಿಯಾಗಿ ಹೇಳುವುದಿಲ್ಲ. ಅರಕಲಗೂಡಿನ ಪಡುವಣ ಅಂಚಿನ ಕಾಫಿಯವರಿಗೂ ಹೊಳೆನರಸೀಪುರ, ಚನ್ನರಾಯಪಟ್ಟಣದ ಅಡಿಕೆಯವರಿಗೂ ಸಾಮೂಹಿಕ ಕಣಗಳೇ ಲೇಸು. ಸರದಿ ಹೇಗೆ, ಬಾಡಿಗೆ ಎಷ್ಟು, ಕಾಫಿಯ ಮಂಚದ ಪಕ್ಕ ಅಡಿಕೆ ಹರಡಬಹುದೇ ಎಂಬ ಜಗಳಗಳು ಬಂದೇ ಬರುತ್ತವೆ. ಅವನ್ನು ಹಾಳೆ ಕೊಳ್ಳುವ ಮೊದಲೇ ಮಹಾಸಭೆಯಲ್ಲಿ ಆಡಿ ಮುಗಿಸೋಣ. ಸದಸ್ಯರು ಕಳೆದ ಹಂಗಾಮಿನಲ್ಲಿ ಎಷ್ಟು ಮೂಟೆ ಒಣಗಿಸಿದರು, ಎಷ್ಟು ಮಳೆಗೆ ಸಿಕ್ಕಿತು ಎಂಬ ಲೆಕ್ಕವನ್ನು ಬರೆದು ತರಬೇಕಾಗಿ ಕೋರುತ್ತೇವೆ.